ಲೋಕಲ್ಲು, ಒರಿಜಿನಲ್ಲು

ವಯಸ್ಸಾದಂತೆ ಮನುಷ್ಯನ ಸಿಟ್ಟು ಇಳಿಯುತ್ತದೆ ಎಂದು ಹೇಳಿದವರು ಯಾರೋ ಗೊತ್ತಿಲ್ಲ. ಗೊತ್ತಾದರೆ ಅವರ ಮೇಲೂ ಸ್ವಲ್ಪ ಸಿಟ್ಟು ಮಾಡಿಕೊಳ್ಳುವ ವಿಚಾರವಿದೆ. ನನ್ನದು ಇಳಿದಿಲ್ಲ. ದೊಡ್ಡ ವಿಷಯಗಳನ್ನು ಬಿಟ್ಟು ಸಣ್ಣ ವಿಷಯಗಳ ಮೇಲೆ ಬಂದು ಕೂತಿದೆ, ಅಷ್ಟೆ. ಬೆಳಗ್ಗೆ ಪತ್ರಿಕೆಯಲ್ಲಿ ದೇಶದ ರಾಜಕೀಯ ಓದುತ್ತಾ ನಾನು ನೆಮ್ಮದಿಯಾಗಿ ಕಾಫಿ ಕುಡಿಯಬಲ್ಲೆ. ಆದರೆ ಒಂದು ಶಬ್ದವನ್ನು ಅದು ಹುಟ್ಟಿದ ಮನೆಯಿಂದ ಎಳೆದು ತಂದು, ನಡುಬೀದಿಯಲ್ಲಿ ನಿಲ್ಲಿಸಿ, ಅದರ ಮರ್ಯಾದೆಗೆ ತಕ್ಕದ್ದಲ್ಲದ ಕೆಲಸ ಮಾಡಿಸಿದರೆ ಮಾತ್ರ ನನ್ನ ಮೈ ಉರಿಯುತ್ತದೆ. ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿದವನಿಗೆ ಪಿಂಚಣಿಯ ಜೊತೆಗೆ ಸರ್ಕಾರ ಪುಕ್ಕಟೆಯಾಗಿ ದಯಪಾಲಿಸುವ ಕಾಯಿಲೆ ಇದು.

ಈಚೆಗೆ ಫೋನಿನ ಚಾರ್ಜರ್ ಕೆಟ್ಟಿತೆಂದು ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋದೆ. ಅಂಗಡಿಯಾತ ಎರಡು ಚಾರ್ಜರ್ ತೆಗೆದು ಗಾಜಿನ ಮೇಲೆ ಇಟ್ಟ. ಎರಡೂ ಕಪ್ಪು, ಎರಡಕ್ಕೂ ಒಂದೇ ಅಳತೆಯ ಬಾಲ.

“ಇದು ಒರಿಜಿನಲ್ಲು ಸಾರ್. ಇದು ಲೋಕಲ್ಲು.”

ನಾನು ಕನ್ನಡಕ ಏರಿಸಿಕೊಂಡು ಲೋಕಲ್ಲಿನ ಬೆನ್ನು ಓದಿದೆ. ಹಿಮಾಲಯದ ಆಚೆ ಇರುವ ಒಂದು ದೇಶದ ಹೆಸರು ಅಲ್ಲಿತ್ತು.

“ಅಷ್ಟು ದೂರದಿಂದ ಬಂದದ್ದು ಲೋಕಲ್ ಹೇಗಾಯಿತಪ್ಪಾ? ಲೋಕಲ್ ಎಂದರೆ ಈ ಜಾಗದ್ದು. ಇದನ್ನು ಚಳ್ಳಕೆರೆಯಲ್ಲಿ ಮಾಡಿದ್ದಾರೆಯೇ?”

“ಚಳ್ಳಕೆರೇಲಿ ಎಲ್ಲಿ ಮಾಡ್ತಾರೆ ಸಾರ್? ಲೋಕಲ್ ಅಂದ್ರೆ ಲೋಕಲ್. ಮಳೆಗಾಲ ಕಳೆದ್ರೆ ನಿಮ್ ಪುಣ್ಯ.”

“ಹಾಗಾದರೆ ಒರಿಜಿನಲ್?”

“ಅದೂ ಅಲ್ಲಿಂದ್ಲೇ ಬರೋದು ಸಾರ್.”

ನೋಡಿ ಅನ್ಯಾಯವನ್ನು. ಒಂದೇ ಊರಲ್ಲಿ ಹುಟ್ಟಿ, ಒಂದೇ ಹಡಗು ಹತ್ತಿ ಬಂದ ಅಣ್ಣತಮ್ಮಂದಿರಲ್ಲಿ ಗಟ್ಟಿಮುಟ್ಟಾದವನು ಒರಿಜಿನಲ್, ಬಡಕಲಾದವನು ಲೋಕಲ್. ನಾವು ಚಳ್ಳಕೆರೆಯವರು ಆ ವಸ್ತುವಿಗೆ ಒಂದು ಮೊಳೆ ಹೊಡೆದವರಲ್ಲ. ಆದರೂ ಅದು ಕೆಟ್ಟರೆ ಅಪಕೀರ್ತಿ ಮಾತ್ರ ನಮ್ಮ ಜಾಗದ್ದು. ಚಾರ್ಜರ್ ಕೊಳ್ಳದೆ ಎದ್ದು ಬಂದೆ. ಪ್ರತಿಭಟನೆ ಉಗ್ರವಾಗಿಯೇ ಇತ್ತು. ಸಂಜೆಗೆ ಫೋನು ಸತ್ತದ್ದರಿಂದ ಅದರ ಸುದ್ದಿಯನ್ನು ಯಾರಿಗೂ ತಿಳಿಸಲು ಆಗಲಿಲ್ಲ.

ಲೋಕಲ್ ಎಂಬ ಶಬ್ದದ ಮನೆತನ ಅಂಥಿಂಥದ್ದಲ್ಲ. ಲ್ಯಾಟಿನ್ನಿನ ಲೋಕಸ್ ಅದರ ಮೂಲಪುರುಷ. ಲೋಕಸ್ ಎಂದರೆ ಜಾಗ. ತನ್ನ ಜಾಗದಲ್ಲಿ ತಾನು ಇರುವುದು ಲೋಕಲ್. ಇದರಲ್ಲಿ ಯಾರಿಗೂ ಬೈಗುಳವಿಲ್ಲ. ಬೆಟ್ಟ ಲೋಕಲ್, ಕೆರೆ ಲೋಕಲ್, ದೇವರು ಸಹ ಬಹುಮಟ್ಟಿಗೆ ಲೋಕಲ್. ಆದರೆ ನಮ್ಮ ಬಾಯಿಗೆ ಬಿದ್ದ ಮೇಲೆ ಅದರ ಗತಿ ಕೇಳಿ: ಲೋಕಲ್ ಮಾಲು, ಲೋಕಲ್ ಬುದ್ಧಿ, “ಅವನು ಬಿಡು, ಬಹಳ ಲೋಕಲ್ಲು.” ‘ನಮ್ಮ ಜಾಗದ್ದು’ ಎನ್ನುವುದಕ್ಕೂ ‘ಕಳಪೆ’ ಎನ್ನುವುದಕ್ಕೂ ಒಂದೇ ಶಬ್ದ ಸಾಕೆಂದು ತೀರ್ಮಾನಿಸಿದ ಜನ ಭೂಮಿಯ ಮೇಲೆ ಬೇರೆ ಯಾರಾದರೂ ಇದ್ದಾರೆಯೇ?

ಇದ್ದಾರೆ. ಇಂಗ್ಲಿಷರೇ ಇದ್ದಾರೆ. ವಿಲ್ಲಾ ಎಂದರೆ ಲ್ಯಾಟಿನ್ನಿನಲ್ಲಿ ತೋಟದ ಮನೆ. ಅದರಿಂದ ವಿಲೇಜ್ ಬಂತು; ಅಲ್ಲಿ ದುಡಿಯುವ ಹಳ್ಳಿಗನಿಗೆ ಇಟ್ಟ ಹೆಸರೇ ಬೆಳೆದು ದೊಡ್ಡದಾಗಿ ವಿಲನ್ ಆಯಿತು. ಹಳ್ಳಿಯಲ್ಲಿ ಇರುವುದೊಂದೇ ಅವನು ಮಾಡಿದ ಅಪರಾಧ. ಬಯಲುಸೀಮೆಯ ಹುಲ್ಲುಗಾವಲಿಗೆ ಅವರಲ್ಲಿ ಹೀತ್ ಎನ್ನುತ್ತಾರೆ; ಅಲ್ಲಿ ಬದುಕುವವನು ಹೀದನ್, ಅಂದರೆ ದೇವರನ್ನು ಅರಿಯದ ಅನಾಗರಿಕ, ಎಂದು ಅವರ ಪಂಡಿತರು ಬಿಡಿಸಿ ಹೇಳುತ್ತಾರೆ. ಚಳ್ಳಕೆರೆ ಬಳಿಯ ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಮೇಯಿಸುವ ನಮ್ಮ ಹಟ್ಟಿಯವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಮುಟ್ಟಿದರೂ ಅವರು ತಲೆ ಕೆಡಿಸಿಕೊಳ್ಳಲಾರರು. ಕೆಡಿಸಿಕೊಳ್ಳುವ ಕೆಲಸಕ್ಕೆ ನಾನಿದ್ದೇನೆ.

ಒರಿಜಿನಲ್ಲಿನ ಕಥೆ ಇನ್ನೂ ಸೊಗಸು. ಅದರ ಬೇರಿನಲ್ಲಿರುವ ಲ್ಯಾಟಿನ್ ಕ್ರಿಯಾಪದಕ್ಕೆ ‘ಏಳು, ಉದಯಿಸು’ ಎಂದರ್ಥ. ಸೂರ್ಯ ಏಳುವ ದಿಕ್ಕಿಗೆ ಅವರು ಓರಿಯಂಟ್ ಎಂದದ್ದೂ ಅದೇ ಬೇರಿನಿಂದ. ಅಂದರೆ ಶಬ್ದದ ಲೆಕ್ಕದಲ್ಲಿ ಮೂಡಣ ದಿಕ್ಕಿನವರಾದ ನಾವೇ ಒರಿಜಿನಲ್ಲಿನ ಸ್ವಂತ ದಾಯಾದಿಗಳು. ಅಂಗಡಿಯವನು ಕೇಳಬೇಕಲ್ಲ! ಇನ್ನು ನಮ್ಮ ಸೀಮೆಯಲ್ಲಿ ಒರಿಜಿನಲ್ಲನ್ನು ಹುಡುಕಿ ಹೊರಟರೆ ತಲೆ ತಿರುಗುತ್ತದೆ. ಮೌರ್ಯರ ಕಾಲದ ಶಾಸನ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಪಕ್ಕದ ಸಿದ್ದಾಪುರದ ಬಳಿ ಹೆಚ್ಚುಕಡಿಮೆ ಅದೇ ಮಾತು ಇನ್ನೊಂದು ಬಂಡೆಯ ಮೇಲಿದೆ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದರೆ ಅಲ್ಲಿಯೂ ಅದೇ. ಮೂರರಲ್ಲಿ ಒರಿಜಿನಲ್ ಯಾವುದು? ಚಾರ್ಜರ್ ಅಂಗಡಿಯವನನ್ನು ಕರೆದುಕೊಂಡು ಹೋಗಿ ತೋರಿಸಿದರೆ ಮೂರನ್ನೂ ಉಗುರಿನಿಂದ ತಟ್ಟಿ ನೋಡಿ, “ಎಲ್ಲಾ ಲೋಕಲ್ಲೇ ಸಾರ್” ಎನ್ನುತ್ತಾನೆ. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿಕೆ ಬಂದಿವೆ ಎಂದು ನಾನು ಹೇಳಬೇಕಾಗುತ್ತದೆ.

ಎಲ್ಲ ಶಬ್ದಗಳಿಗೂ ಹೀಗೇ ಆಗಿದೆ ಎಂದರೆ ಸುಳ್ಳಾದೀತು. ಸ್ಟಾರ್ಟ್ ಎಂಬ ಶಬ್ದಕ್ಕೆ ಹಿಂದೆ ಬೆಚ್ಚಿಬೀಳು, ಚಂಗನೆ ನೆಗೆ ಎಂದು ಅರ್ಥವಿತ್ತು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸನ್ನು ಅದರ ಚಾಲಕ ಸ್ಟಾರ್ಟ್ ಮಾಡಿದಾಗ ಬಸ್ಸೂ ನೆಗೆಯುತ್ತದೆ, ಒಳಗಿದ್ದವರೂ ಬೆಚ್ಚಿಬೀಳುತ್ತಾರೆ. ಶಬ್ದದ ಮೂಲಾರ್ಥವನ್ನು ಇಷ್ಟು ನಿಷ್ಠೆಯಿಂದ ಕಾಪಾಡಿದ ಬೇರೆ ಇಲಾಖೆ ನನಗೆ ಗೊತ್ತಿಲ್ಲ. ಆದರೆ ಅದೇ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಜನ ಪ್ಲೇಸ್ ಹಿಡಿಯುತ್ತಾರೆ. ಪ್ಲೇಸ್ ಎಂದರೆ ಗ್ರೀಕರಲ್ಲಿ ಅಗಲವಾದ ಬೀದಿ ಎಂದು ಇತ್ತಂತೆ. ಮೂರು ಜನ ಕೂರುವ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ತೊಡೆ ಊರಿ ಕುಳಿತು, ಅಗಲವಾದ ಬೀದಿಯನ್ನು ನೆನೆಯುತ್ತಾ ನಾನು ಎಷ್ಟೋ ಸಲ ಮೊಳಕಾಲ್ಮೂರಿಗೆ ಹೋಗಿದ್ದೇನೆ. ಯಾರದೋ ಮೊಳಕಾಲು ಮುರಿದದ್ದರಿಂದ ಆ ಊರಿಗೆ ಆ ಹೆಸರು ಬಂತು ಎಂದು ಹೇಳುವವರಿದ್ದಾರೆ. ಯಾರದ್ದು ಎಂಬುದರಲ್ಲಿ ಒಮ್ಮತವಿಲ್ಲ. ಆ ಬಸ್ಸಿನಲ್ಲಿ ಬಂದವರದ್ದು ಎಂದು ನನ್ನ ಅಭಿಪ್ರಾಯ.

ಹಾಗೆ ಹೋದ ಒಂದು ಪ್ರಯಾಣದಲ್ಲೇ ಈ ಎರಡು ಶಬ್ದಗಳು ಕೈಕೈ ಹಿಡಿದುಕೊಂಡು ನನ್ನ ಎದೆಯ ಮೇಲೆ ಬಂದು ಕುಳಿತದ್ದು.

ಮೊಳಕಾಲ್ಮೂರಿನಲ್ಲಿ ಕೊಂಡಯ್ಯ ಎಂಬ ನೇಕಾರನಿದ್ದಾನೆ. ನಾನು ಆ ಊರಲ್ಲಿ ಪಾಠ ಹೇಳುತ್ತಿದ್ದಾಗ ಅವನ ಮನೆಯ ಪಕ್ಕದ ಮನೆಯಲ್ಲಿದ್ದೆ. ಅವನ ಮಗ್ಗದ ಸದ್ದು ಕೇಳಿದರಷ್ಟೇ ನನಗೆ ನಿದ್ದೆ ಬರುತ್ತಿತ್ತು. ಈಗ ನನ್ನ ನೆರೆಯವರು ಚಳ್ಳಕೆರೆಯ ರತ್ನಮ್ಮ. ಗಂಡ ತೀರಿಕೊಂಡ ಮೇಲೆ ಎಣ್ಣೆಯ ಗಾಣವನ್ನೂ ಅದರ ಮುಂದಿನ ಅಂಗಡಿಯನ್ನೂ ಒಬ್ಬರೇ ನಿಭಾಯಿಸಿ ಮಗನನ್ನು ಬೆಳೆಸಿದ ಹೆಂಗಸು. ಅವರ ಕಡಲೆಕಾಯಿ ಎಣ್ಣೆಗೆ ಹೆಸರಿದೆ; ಅವರ ಬಾಯಿಗೂ ಇದೆ. ಕೊಂಡಯ್ಯನ ಮಗಳು ಭಾಗ್ಯಳನ್ನು ರತ್ನಮ್ಮನ ಮಗನಿಗೆ ತರುವ ಮಾತು ನನ್ನ ಮೂಲಕವೇ ನಡೆಯಿತು. ಹುಡುಗ ಹುಡುಗಿ ಒಪ್ಪಿದ್ದರು. ಮಿಕ್ಕ ಮಾತು ಮುಗಿಸಲು ರತ್ನಮ್ಮ ಒಂದು ಡಬ್ಬಿ ಎಣ್ಣೆಯನ್ನೂ ನನ್ನನ್ನೂ ಹೊರಡಿಸಿಕೊಂಡು ಕೊಂಡಯ್ಯನ ಮನೆಗೆ ಬಂದರು.

ಕೊಂಡಯ್ಯ ಧಾರೆಗೆಂದು ಮಗಳಿಗೆ ತಾನೇ ಒಂದು ಸೀರೆ ನೇಯ್ದಿದ್ದ. ಗಿಣಿ ಹಸಿರು ಮೈ, ಕುಂಕುಮದ ಬಣ್ಣದ ಅಂಚು, ಸೆರಗಿನ ತುಂಬ ನವಿಲು. ಮಾರುವ ಸೀರೆಗಳ ಕೆಲಸ ಮುಗಿದ ಮೇಲೆ, ಉಳಿದ ಹೊತ್ತಿನಲ್ಲಿ, ಹೆಂಡತಿ ಸರೋಜಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಚಿಗೊಂದು ಮೈಗೊಂದು ಅಂಚಿಗೊಂದು ಎಂದು ಮೂರು ಲಾಳಿ ಎಸೆದು ನೇಯ್ದದ್ದು. ಅವನು ಅದನ್ನು ಮಡಿಕೆ ಬಿಡಿಸಿ ಚಾಪೆಯ ಮೇಲೆ ಹರಡಿದಾಗ ಮನೆಯೊಳಗೆ ಇನ್ನೊಂದು ದೀಪ ಹಚ್ಚಿದ ಹಾಗಾಯಿತು.

ರತ್ನಮ್ಮ ಸೆರಗನ್ನು ಬೆರಳ ನಡುವೆ ಉಜ್ಜಿದರು. ತಿರುಗಿಸಿ ಹಿಂಬದಿ ನೋಡಿದರು.

“ಚೆನ್ನಾಗೈತೆ ಕಣ್ರೀ. ಇಲ್ಲ ಅನ್ನಲ್ಲ. ಬೀಗರ ಔತಣಕ್ಕೆ ಉಟ್ಕಳ್ಳಿ. ಧಾರೆಗೆ ಮಾತ್ರ ಇದು ಬ್ಯಾಡ, ಇದು ಲೋಕಲ್ಲು. ಧಾರೆ ಸೀರೆ ನಾವೇ ಶೋರೂಮಿಂದ ಒರಿಜಿನಲ್ ತರ್ತೀವಿ.”

ಕೊಂಡಯ್ಯ ಸೀರೆಯನ್ನು ಮಡಿಸತೊಡಗಿದ. ಅವನ ಕೈಗೆ ಪಳಗಿದ ಮಡಿಕೆಗಳು ಅವು. ಆದರೂ ಎರಡು ಸಲ ತಪ್ಪಿದ. ಹೆಂಡತಿ ಒಳಗೆ ಹೋಗಿಬಿಟ್ಟಳು. ಬಾಗಿಲ ಬಳಿ ನಿಂತಿದ್ದ ಭಾಗ್ಯ ತಂದೆಯನ್ನೇ ನೋಡುತ್ತಿದ್ದಳು. ಅವನು ನನ್ನನ್ನು ಹಿಂದಿನ ಮಗ್ಗದ ಕೋಣೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ:

“ಮೇಷ್ಟ್ರೇ, ಊರೋರ ಮಕ್ಕಳಿಗೆಲ್ಲ ಧಾರೆ ಸೀರೆ ನೇಯ್ದಿದೀನಿ. ನನ್ನ ಮಗಳು ಶೋರೂಮಿಂದು ಉಟ್ಕೊಂಡು ನಿಂತ್ರೆ ನೀರು ಬಿಡೋಕೆ ನನಗೆ ಕೈ ಹೆಂಗೆ ಬರ್ತೈತೆ? ಸಂಬಂಧ ಒಳ್ಳೇದೈತೆ, ಮುರಿಯಾಕೆ ಆಗಲ್ಲ. ನೀವು ಏನಾದ್ರೂ ಒಂದು ಮಾತು ಹೇಳ್ರಿ.”

ಏನಾದರೂ ಒಂದು ಮಾತು ಹೇಳುವುದಕ್ಕೆ ನನ್ನಷ್ಟು ತಯಾರಾದ ಮನುಷ್ಯ ಎರಡು ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ಎದೆಯಲ್ಲಿ ಸಿಟ್ಟು, ತಲೆಯಲ್ಲಿ ಲ್ಯಾಟಿನ್. ಗಂಭೀರವಾಗಿ ಹೊರಗೆ ಬಂದೆ. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, ಲೋಕಸ್‌ನಿಂದ ಆರಂಭಿಸಿ, ಜಾಗವೆಂದರೇನು, ಉದಯವೆಂದರೇನು, ಮೊಳಕಾಲ್ಮೂರಿನಲ್ಲಿ ಹುಟ್ಟಿದ ಮೊಳಕಾಲ್ಮೂರು ಸೀರೆ ಹೇಗೆ ಏಕಕಾಲದಲ್ಲಿ ಪರಮ ಲೋಕಲ್ಲೂ ಪರಮ ಒರಿಜಿನಲ್ಲೂ ಆಗಿದೆ, ಈ ಸೀರೆಯ ಎದುರು ಶೋರೂಮಿನದ್ದೇ ಹೇಗೆ ಲೋಕಲ್ಲಿಗಿಂತ ಕಡೆ, ಎಂಬುದನ್ನು ಸೋದಾಹರಣವಾಗಿ ವಿವರಿಸಿದೆ. ಬ್ರಹ್ಮಗಿರಿಯ ಶಾಸನವೂ ಬಂತು.

ರತ್ನಮ್ಮ ಎಲ್ಲವನ್ನೂ ಕೇಳಿದರು.

“ಲ್ಯಾಟಿನ್ನೋ ಲಾಟೀನೋ ನಂಗೆ ತಿಳೀವಲ್ದು ಮೇಷ್ಟ್ರೇ. ನಮ್ ಕಡೆ ಹೆಂಗಸ್ರು ಮದುವೆಗೆ ಬಂದ್ರೆ ಹುಡುಗಿ ಮುಖ ಆಮೇಲೆ ನೋಡ್ತಾರೆ, ಮೊದಲು ಸೆರಗು ಹಿಡೀತಾರೆ. ‘ಎಲ್ಲಿ ತಗೊಂಡ್ರಿ’ ಅಂತಾರೆ. ಬೀಗರ ಮನೇಲೇ ನೇಯ್ದಿದ್ದು ಅಂದ್ರೆ, ‘ಅಯ್ಯೋ, ರತ್ನಮ್ಮ ಗಂಡಿಲ್ಲದ ಹೆಂಗಸು, ಪುಕ್ಸಟ್ಟೆ ಸೀರೇಲಿ ಮುಗಿಸಿಬಿಟ್ಲು’ ಅಂತಾರೆ. ಆ ಮಾತಿಗೆ ನಿಮ್ ಪುಸ್ತಕದಾಗೆ ಏನಾದ್ರೂ ಔಷಧಿ ಐತಾ?”

ಇರಲಿಲ್ಲ. ಶಬ್ದಗಳ ಹುಟ್ಟಿನ ಬಗ್ಗೆ ಇಷ್ಟು ತಿಳಿದವನಿಗೆ, ಒಬ್ಬ ಹೆಂಗಸು ಒಂದು ಶಬ್ದಕ್ಕೆ ಯಾಕೆ ಹೆದರುತ್ತಾಳೆ ಎನ್ನುವುದು ತಿಳಿದಿರಲಿಲ್ಲ. ಅಷ್ಟರಲ್ಲಿ ಪಡಸಾಲೆಯ ಮೂಲೆಯಿಂದ ಇನ್ನೊಂದು ದನಿ ಬಂತು.

ಕೊಂಡಯ್ಯನ ತಾಯಿ ಪಾಪಮ್ಮ. ಎಂಬತ್ತು ದಾಟಿದವರು. ಮಾತಾಡುವುದು ಅರ್ಧ ಕನ್ನಡ, ಅರ್ಧ ತೆಲುಗು. ಅಲ್ಲಿಯವರೆಗೆ ರಾಟೆಯ ಮುಂದೆ ಕುಳಿತು ರೇಷ್ಮೆ ನೂಲು ಸುತ್ತುತ್ತಾ ಇದ್ದವರು, ಈಗ ರಾಟೆ ನಿಲ್ಲಿಸಿ ರತ್ನಮ್ಮನ ಕಡೆ ತಿರುಗಿ ಬೊಚ್ಚುಬಾಯಿ ತುಂಬ ನಕ್ಕರು.

“ಔನಮ್ಮಾ, ಸರಿಯಾಗಿ ಹೇಳಿದೆ! ಲೋಕಲ್ಲೇ ಇದು. ನಾನು ಸೊಸೆಯಾಗಿ ಬಂದಾಗಿಂದ ಕೇಳ್ತಾ ಇದೀನಿ. ನಾವು ನೇಯ್ದ ಸೀರೆ ತಗೊಂಡು ಹೋದ್ರೆ ಅಂಗಡಿಯೋರು ಮುಟ್ಟಿ ನೋಡೋರು, ‘ಇದು ಲೋಕಲ್ ಅಮ್ಮಾ’ ಅನ್ನೋರು. ನಮ್ಮ ಯಜಮಾನರಿಗೆ ಎಂಥಾ ಸಂತೋಷ! ಲೋಕಲ್ ಅಂದ್ರೆ ಲೋಕಕ್ಕೆಲ್ಲಾ ಗೊತ್ತಿರೋದು ಅಂತ.”

ಒಂದು ಜೀವಮಾನವೆಲ್ಲ ಅಂಗಡಿಯವರು ಬೆಲೆ ಇಳಿಸಲು ಆಡಿದ ಮಾತನ್ನು ಈ ದಂಪತಿ ಬಿರುದು ಎಂದುಕೊಂಡು ಮನೆಗೆ ಹೊತ್ತು ತಂದಿದ್ದರು.

ಪಾಪಮ್ಮನಿಗೆ ಹುರುಪು ಬಂದಿತ್ತು. ರತ್ನಮ್ಮ ತಂದಿದ್ದ ಡಬ್ಬಿಯ ಮುಚ್ಚಳ ತೆಗೆಸಿ, ಅಂಗೈಗೆ ನಾಲ್ಕು ಹನಿ ಎಣ್ಣೆ ಹಾಕಿಸಿಕೊಂಡು ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿದರು.

“ಅಬ್ಬಬ್ಬಾ! ಇದೂ ಲೋಕಲ್ ಎಣ್ಣೆ!”

ರತ್ನಮ್ಮನ ಮುಖಕ್ಕೆ ಒಗ್ಗರಣೆ ಬಿದ್ದಂತಾಯಿತು.

“ಯಾವುದ್ರೀ ಲೋಕಲ್ಲು? ನಮ್ಮ ಎಣ್ಣೇನಾ? ನಮ್ ಮಾವನೋರ ಕಾಲದಿಂದ ಗಾಣ ಐತೆ. ಒಂದು ಹನಿ ಕಲಬೆರಕೆ ತೋರಿಸ್ರಿ ನೋಡಾನ!”

“ಅದೇ ನಾನೂ ಹೇಳ್ತಿರೋದು ತಲ್ಲೀ. ಎಣ್ಣೆ ಲೋಕಲ್ಲು. ನಿನ್ನ ಮಗನ್ನ ಅವತ್ತು ನೋಡಿದೆ, ಅಬ್ಬಾಯಿ ಬಂಗಾರು! ಅವನೂ ಅಸಲು ಲೋಕಲ್ಲು. ಅದಕ್ಕೇ ಕೊಂಡಯ್ಯನಿಗೆ ಹೇಳ್ದೆ, ಕಣ್ಣು ಮುಚ್ಚಿ ಹುಡುಗೀನ ಕೊಡು ಅಂತ.”

ಪುಣ್ಯಕ್ಕೆ ಮದುಮಗ ಅಲ್ಲಿರಲಿಲ್ಲ. ರತ್ನಮ್ಮ ಎದ್ದು ನಿಂತರು. ಬಾಗಿಲಲ್ಲಿ ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಕೊಂಡಯ್ಯ “ಅಮ್ಮಾ, ಊರ್ಕೋ” ಎಂದು, ಸುಮ್ಮನಿರುವಂತೆ, ತೆಲುಗಿನಲ್ಲಿ ಬೇಡಿಕೊಂಡ. ಪಾಪಮ್ಮ, ತಾನು ಇಷ್ಟು ಹೊಗಳಿದರೂ ಬೀಗಿತ್ತಿ ಯಾಕೆ ಮುಖ ಕೆಂಪು ಮಾಡಿಕೊಂಡಳೆಂದು ಅರ್ಥವಾಗದೆ ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ನೀನು ಇಂಗ್ಲೀಷು ಓದಿದೋನು. ನೀನೇ ಹೇಳಪ್ಪಾ, ಲೋಕಲ್ ಅಂದ್ರೆ ಏನು?”

“ಹೇಳ್ರಿ ಮೇಷ್ಟ್ರೇ,” ಎಂದರು ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು. “ಲೋಕಲ್ ಅಂದ್ರೆ ಏನು?”

ನನ್ನ ಬದುಕಿನಲ್ಲಿ ಇಷ್ಟು ಆಸಕ್ತಿಯಿಂದ ಒಂದು ಶಬ್ದಾರ್ಥಕ್ಕಾಗಿ ಕಾದ ಸಭೆಯನ್ನು ನಾನು ಹಿಂದೆ ಕಂಡಿರಲಿಲ್ಲ. ಈ ಕ್ಷಣಕ್ಕಾಗಿಯೇ ಅಲ್ಲವೇ ನಾನು ಇಷ್ಟೆಲ್ಲ ಓದಿದ್ದು! ನಿಘಂಟಿನ ಅರ್ಥ ಹೇಳಿದರೆ ಇಬ್ಬರಿಗೂ ಸಮಾಧಾನವಾಗದು. ಅದನ್ನು ಆಗಲೇ ಹೇಳಿ ಲಾಟೀನು ಅನ್ನಿಸಿಕೊಂಡಿದ್ದೆ. ಪೇಟೆಯ ಅರ್ಥ ಹೇಳಿದರೆ ರತ್ನಮ್ಮನ ಸಿಟ್ಟು ನ್ಯಾಯವಾಗುತ್ತದೆ, ಮತ್ತು ಈ ಮುದುಕಿಗೆ ತನ್ನ ಗಂಡ ಸಂತೋಷಪಟ್ಟದ್ದೆಲ್ಲ ಯಾತಕ್ಕೆಂದು ಇಂದು ತಿಳಿಯುತ್ತದೆ. ಉಳಿದದ್ದು ಪಾಪಮ್ಮನ ಅರ್ಥ. ಅದು ಶುದ್ಧ ತಪ್ಪು. ಲೋಕಕ್ಕೂ ಲೋಕಸ್ಸಿಗೂ ದನಿ ಒಂದೇ ಆದರೂ ನೆಂಟಸ್ತಿಕೆ ಇಲ್ಲ. ಸಂಸ್ಕೃತದ ಲೋಕಕ್ಕೆ ಲ್ಯಾಟಿನ್ನಿನಲ್ಲಿ ಇರುವ ನೆಂಟ ಬೇರೆಯೇ, ಮರಗಳ ನಡುವೆ ಬೆಳಕು ಬೀಳುವ ತೆರಪಿಗೆ ಸಂಬಂಧಪಟ್ಟದ್ದು, ಎಂದು ಬಲ್ಲವರು ಹೇಳುತ್ತಾರೆ. ಇಂಥ ತಪ್ಪನ್ನು ಬರೆದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಮೇಲೆ ನಾನು ಸುರಿಸಿದ ಕೆಂಪು ಶಾಯಿಯಲ್ಲಿ ಒಂದು ಸೀರೆಯ ನೂಲು ಅದ್ದಬಹುದಿತ್ತು.

ಶಲ್ಯವನ್ನು ಇನ್ನೊಮ್ಮೆ ಸರಿಮಾಡಿಕೊಂಡೆ.

“ಲೋಕಲ್ ಎಂದರೆ,” ಎಂದೆ, “ಲೋಕದಲ್ಲಿ ಹೆಸರಾದದ್ದು. ಅವ್ವ ಹೇಳಿದ್ದೇ ಸರಿ. ಪೇಟೆಯವರು ತಿಳಿಯದೆ ಬೇರೆ ಅರ್ಥದಲ್ಲಿ ಆಡುತ್ತಾರೆ.”

ರತ್ನಮ್ಮ ನನ್ನನ್ನು ನೋಡಿದರು. ಅವರು ಎಣ್ಣೆ ಅಳೆಯುವವರು. ಎದುರಿನವನು ಹೇಳುವುದರಲ್ಲಿ ನೀರೆಷ್ಟು ಎಂದು ಕಣ್ಣಲ್ಲೇ ತಿಳಿಯಬಲ್ಲರು. ಅರ್ಧ ಗಳಿಗೆಯ ಹಿಂದೆ ನಾನು ಮಾಡಿದ ಭಾಷಣ ಅವರಿಗೆ ಮರೆತಿರಲಿಲ್ಲ. ಆಮೇಲೆ ಪಾಪಮ್ಮನನ್ನು ನೋಡಿದರು. ಮುದುಕಿಯ ಅಂಗೈಯಲ್ಲಿ ಎಣ್ಣೆ ಇನ್ನೂ ಹೊಳೆಯುತ್ತಿತ್ತು. ಅದನ್ನು ಚೆಲ್ಲಲು ಮನಸ್ಸು ಬಾರದೆ ಮೊಳಕೈಗೆ ತಿಕ್ಕಿಕೊಳ್ಳುತ್ತಿದ್ದರು.

“ಹಂಗಾ?” ಎಂದರು ರತ್ನಮ್ಮ, ನಿಧಾನವಾಗಿ ಕುಳಿತುಕೊಳ್ಳುತ್ತಾ. “ಇಷ್ಟು ದಿನ ಗೊತ್ತಿರ್ಲಿಲ್ಲ ನೋಡ್ರಿ. ಹಂಗಾದ್ರೆ ನಮ್ಮ ಎಣ್ಣೇನೂ ಲೋಕಲ್ಲೇ ಬಿಡ್ರಿ ಅಮ್ಮಾ.”

“ಮತ್ತೆ!” ಎಂದರು ಪಾಪಮ್ಮ.

“ಕೊಂಡಯ್ಯನೋರೇ, ಆ ಸೀರೆ ಇನ್ನೊಂದ್ಸಲ ಬಿಡಿಸ್ರಿ. ನಮ್ ಸೊಸೆ ಧಾರೆಗೆ ಅದನ್ನೇ ಉಟ್ಕಳ್ಳಲಿ. ಜನ ಏನಂತಾರೋ ನಾನು ನೋಡ್ಕಂತೀನಿ.”

ಕೊಂಡಯ್ಯ ಈ ಸಲ ಒಂದು ಮಡಿಕೆಯನ್ನೂ ತಪ್ಪದೆ ಬಿಡಿಸಿದ. ಒಳಗೆ ಸರೋಜಮ್ಮ ಬಾಣಲೆ ಇಟ್ಟ ಸದ್ದು ಕೇಳಿಸಿತು.

ಮದುವೆ ಚಳ್ಳಕೆರೆಯಲ್ಲಿ ನಡೆಯಿತು. ಭಾಗ್ಯ ಗಿಣಿ ಹಸಿರಿನಲ್ಲಿ ನಿಂತಿದ್ದಳು. ನೀರು ಬಿಡಲು ಕೊಂಡಯ್ಯನಿಗೆ ಕೈ ಬಂತು. ರತ್ನಮ್ಮ ಹೇಳಿದ್ದ ಹಾಗೆಯೇ ಹೆಂಗಸರು ಮೊದಲು ಸೆರಗು ಹಿಡಿದರು. ಅವರಲ್ಲಿ ಒಬ್ಬರು, ಸರದ ಮೇಲೆ ಸರ ಹಾಕಿಕೊಂಡವರು, ನವಿಲನ್ನು ಬೆರಳಲ್ಲಿ ಉಜ್ಜುತ್ತಾ ಕೇಳಿದರು: “ಒರಿಜಿನಲ್ಲಾ ರತ್ನಮ್ಮಾ?”

“ಒರಿಜಿನಲ್ ಯಾರಿಗೆ ಬೇಕ್ರೀ?” ರತ್ನಮ್ಮನ ದನಿ ಊಟದ ಪಂಕ್ತಿಯವರೆಗೂ ಕೇಳಿಸಿತು. “ಲೋಕಲ್ಲು! ಮೊಳಕಾಲ್ಮೂರು ಲೋಕಲ್ಲು! ನಮ್ ಬೀಗರು ಕೂತು ನೇಯ್ದಿದ್ದು. ನಿಮ್ಮ ಶೋರೂಮಿನೋನು ಕೂತು ನೇಯ್ತಾನಾ?”

ನಾನು ಪಂಕ್ತಿಯಲ್ಲಿ ಕುಳಿತು ಈ ಮಾತನ್ನು ಹೋಳಿಗೆಯ ಜೊತೆ ಸವಿಯುತ್ತಿದ್ದೆ. ಪಕ್ಕದಲ್ಲಿ ಗಂಡಿನ ಕಡೆಯ ಒಬ್ಬ ತರುಣ. ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕನಂತೆ. ಲೋಕಲ್ ಎಂದರೆ ಲೋಕಕ್ಕೆಲ್ಲ ಗೊತ್ತಿರುವುದು ಎಂಬ ವಿವರಣೆ ಆಗಲೇ ಚಪ್ಪರದ ತುಂಬ ಹಬ್ಬಿತ್ತು. ಅವನು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ:

“ಅದು ತಪ್ಪಲ್ವಾ ಸಾರ್? ಲೋಕಲ್ ಬಂದಿರೋದು ಲೋಕಸ್‌ನಿಂದ. ಲೋಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮದುವೆ ಮನೆಯಲ್ಲಿ, ಎಲೆಯ ಮುಂದೆ ಕುಳಿತು, ಶಬ್ದಗಳ ಬೇರು ಅಗೆಯುವ ಇಂಥ ಜನರಿಗೆ ಹೊತ್ತು ಗೊತ್ತು ಒಂದಾದರೂ ಬೇಡವೇ?

“ನಿನಗೆ ಯಾವ ಮೇಷ್ಟ್ರಪ್ಪಾ ಇದನ್ನು ಹೇಳಿಕೊಟ್ಟವರು?” ಎಂದು ಗದರಿದೆ.

ಅವನು ಹೋಳಿಗೆ ಹಿಡಿದ ಕೈಯನ್ನು ಎಲೆಗೆ ಇಳಿಸಿ, ಬಹಳ ವಿನಯದಿಂದ ಹೇಳಿದ:

“ನೀವೇ ಸಾರ್.”

ತುಪ್ಪ ಬಡಿಸುವವನು ಆ ಕಡೆ ಬರುತ್ತಿದ್ದ. ಅವನನ್ನು ಕರೆದು, ನನ್ನ ಶಿಷ್ಯನ ಎಲೆಗೆ ಇನ್ನೆರಡು ಹೋಳಿಗೆ ಹಾಕಿಸಿ, ಮೇಲೆ ಧಾರಾಳವಾಗಿ ತುಪ್ಪ ಬಿಡಿಸಿದೆ. ಬಾಯಿ ತುಂಬಿರುವಾಗ ಯಾವ ಶಬ್ದದ ಮೂಲವೂ ಹೊರಗೆ ಬರುವುದಿಲ್ಲ.